ಒಣಗದ ಸಿಗಾರು

ಮುದ್ದೇಬಿಹಾಳದ ಚನ್ನಪ್ಪ ವಕೀಲರೂ ಚಡಚಣದ ಬಾಪುರಾಯರೂ ಎದುರುಬದುರು ಕೂತು ಒಂದೊಂದು ಸಿಗಾರು ಸೇದಿದರು, ಆ ಹೊಗೆಯ ಜೊತೆ ಅವರ ಹಳೆಯ ಸಿಟ್ಟೂ ಹಾರಿಹೋಯಿತು. ನಮ್ಮ ಕಡೆ ಎಲ್ಲರೂ ಹೇಳುವ ಕಥೆ ಇದು. ಬಸ್ಸು ಮುಂದೆ ಹೋದ ಹಾಗೆ ಕಥೆಯಲ್ಲಿನ ಹೊಗೆಯೂ ಹೆಚ್ಚುತ್ತದೆ. ಮುದ್ದೇಬಿಹಾಳದಲ್ಲಿ ಕೇಳಿದರೆ ಹೊಗೆ ಪಡಸಾಲೆ ತುಂಬಿತ್ತು. ಬಸವನ ಬಾಗೇವಾಡಿಗೆ ಬರುವಷ್ಟರಲ್ಲಿ ಅದು ಓಣಿಗೆ ಇಳಿದಿರುತ್ತದೆ. ಸಿಂದಗಿಯವರ ಪ್ರಕಾರ, ಮಾಳಿಗೆಯ ಮೇಲೆ ಹೊಗೆ ಕಂಡು ನೆರೆಹೊರೆಯವರು ಕೊಡ ಹಿಡಿದು ಓಡಿಬಂದರು. ಕಳೆದ ವರ್ಷ ಇಂಡಿಯಲ್ಲಿ ಒಬ್ಬರು, ನಾನು ಯಾರೆಂದು ತಿಳಿಯದೆ, ಇದನ್ನು ನನಗೇ ಹೇಳಿದರು. ಹೊಗೆಗೆ ಬೆದರಿದ ಎತ್ತೊಂದು ಹಗ್ಗ ಹರಿದುಕೊಂಡು ಓಡಿತೆಂದೂ ಸೇರಿಸಿದರು. ಎತ್ತಿನ ಬಣ್ಣ ಯಾವುದೆಂದು ಕೇಳಿದೆ. ಬಿಳಿ ಎಂದರು, ಒಂದಿಷ್ಟೂ ತಡವರಿಸದೆ.

ನನ್ನ ಆಕ್ಷೇಪಣೆ ಇಷ್ಟೇ. ಅವತ್ತು ಸಿಗಾರು ಹೊತ್ತಲೇ ಇಲ್ಲ. ಹೊತ್ತದ ಸಿಗಾರಿಗೆ ಹೊಗೆಯಿಲ್ಲ. ಇಲ್ಲದ ಹೊಗೆಯ ಜೊತೆ ಯಾರ ಸಿಟ್ಟೂ ಹಾರಿಹೋಗಲಾರದು. ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಅವತ್ತು ಆ ಮನೆಯಲ್ಲಿದ್ದೆ, ಆ ಸಿಗಾರುಗಳ ಲಾಲನೆಪಾಲನೆಯ ಹೊಣೆ ಹೊತ್ತವಳೂ ನಾನೇ. ಆಗ ವಿಜಾಪುರದಲ್ಲಿ ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ಸಮಾಧಾನಕ್ಕೆ. ನಿಜವಾಗಿ ನಾನು ಮಾಡುತ್ತಿದ್ದದ್ದು ಚರ್ಚಾಸ್ಪರ್ಧೆಗಳಿಗೆ ಹೋಗಿ ಢಾಲು ಗೆದ್ದು ತರುವುದು. ವಿಷಯದ ಪರವಾಗಿ ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ; ಎರಡಕ್ಕೂ ಒಂದೇ ಏರುದನಿ. “ಈಕಿಗೆ ಉಪ್ಪು ತಗೊಂಬಾ ಅಂದ್ರ, ಮೊದಲ ಉಪ್ಪು ಯಾಕ ಬೇಕು ಸಿದ್ಧ ಮಾಡಿ ತೋರಸ್ರಿ ಅಂತಾಳ” ಎಂದು ಕಾಕು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಕಾಕು ಎಂದರೆ ಚನ್ನಪ್ಪ ವಕೀಲರ ಹೆಂಡತಿ. ಚನ್ನಪ್ಪ ವಕೀಲರು ನನ್ನ ಕಾಕಾ, ಅಪ್ಪನ ತಮ್ಮ. ಬೇಸಿಗೆ ರಜೆಗಳನ್ನೆಲ್ಲ ನಾನು ಅವರ ಮನೆಯಲ್ಲೇ ಕಳೆಯುತ್ತಿದ್ದೆ. ಮಾತಿಗೆ ಮಾತು ಕೊಡುವ ಮನುಷ್ಯ ಇಡೀ ಬಳಗದಲ್ಲಿ ಕಾಕಾ ಒಬ್ಬರೇ.

ಸಿಗಾರಿಗೆ ಬರುವ ಮೊದಲು ಹೋಳಿಗೆಗೆ ಹೋಗಬೇಕು. ಬಾಪುರಾಯರು ಕಾಕಾನ ಜೊತೆ ಬೆಳಗಾವಿಗೆ ಕಾನೂನು ಓದಲು ಹೋಗಿ, ಅದನ್ನು ಅರ್ಧಕ್ಕೆ ಬಿಟ್ಟು, ಚಡಚಣಕ್ಕೆ ಮರಳಿ ದ್ರಾಕ್ಷಿ ಬೆಳೆದವರು. ಒಂದೇ ಖೋಲಿಯಲ್ಲಿ ಇದ್ದವರು, ಒಂದೇ ಕೋಟನ್ನು ಸರದಿಯ ಮೇಲೆ ತೊಟ್ಟವರು. ಕಾಕಾ ಮುದ್ದೇಬಿಹಾಳದಲ್ಲಿ ಮನೆ ಕಟ್ಟಿ ಒಕ್ಕಲಾದ ದಿನ ಈ ಗೆಳೆಯನನ್ನು ಊಟದ ಮೊದಲ ಪಂಕ್ತಿಯಲ್ಲೇ ಕೂಡಿಸಿದರು. ಬಾಪುರಾಯರು ಕಾಕು ಮಾಡಿದ್ದ ಹೋಳಿಗೆಯನ್ನು ಒಂದು ತುತ್ತು ಮುರಿದು ಬಾಯಿಗಿಟ್ಟು, ಪಂಕ್ತಿಗೆಲ್ಲ ಕೇಳುವ ಹಾಗೆ, “ಚನ್ನಪ್ಪಾ, ಹೋಳಿಗಿ ಒಣಗ್ಯಾವಲ್ಲೋ!” ಎಂದರು.

ಪಂಕ್ತಿ ನಕ್ಕಿತು. ಕಾಕಾ ನಗಲಿಲ್ಲ. “ಒಣಗಿದ್ರ ಎದ್ದು ಹೋಗು” ಎಂದರು. ಬಾಪುರಾಯರು ಎದ್ದೇಹೋದರು. ಕೈ ಕೂಡ ತೊಳೆಯಲಿಲ್ಲ ಎಂದು ಕಾಕಾನ ಆಪಾದನೆ. ತೊಳೆಯಲು ಯಾರೂ ನೀರು ಕೊಡಲಿಲ್ಲ ಎಂದು ಚಡಚಣದ ಕಡೆಯ ಉತ್ತರ. ಅಲ್ಲಿಂದ ಮುಂದೆ ವರ್ಷಗಟ್ಟಲೆ ಇಬ್ಬರ ನಡುವೆ ಮಾತಿಲ್ಲ, ಕಥೆಯಿಲ್ಲ, ಮದುವೆಯ ಕರೆಯೋಲೆಯೂ ಇಲ್ಲ.

ಇದರಲ್ಲಿ ನಿಜವಾಗಿ ಪೆಟ್ಟು ಬಿದ್ದದ್ದು ಕಾಕುವಿಗೆ. ಅವತ್ತಿನಿಂದ ಅವಳು ಆ ಮನೆಯಲ್ಲಿ ಹೋಳಿಗೆ ಮಾಡಲಿಲ್ಲ. ಯುಗಾದಿಗೂ ಕಡಬು, ಹೋಳಿ ಹುಣ್ಣಿಮೆಗೂ ಕಡಬು. ಅದೂ ಕರಿದದ್ದಲ್ಲ, ಪಾತ್ರೆಯ ಬಾಯಿಗೆ ಅರಿವೆ ಕಟ್ಟಿ ಉಗಿಯಲ್ಲಿ ಬೇಯಿಸಿದ್ದು. “ಉಗಿಯೊಳಗ ಬೆಂದದ್ದಕ್ಕ ಒಣಗೇತಿ ಅನ್ನಾಕ ಯಾರಪ್ಪಗೂ ಆಗೂದಿಲ್ಲ” ಎನ್ನುತ್ತಿದ್ದಳು. ನನಗೆ ಹೋಳಿಗೆ ಎಂದರೆ ಜೀವ. ಹೀಗಾಗಿ ಈ ಜಗಳದಲ್ಲಿ ನಾನೂ ಒಬ್ಬ ಫಿರ್ಯಾದಿ.

ತರ್ಕದ ಕಣ್ಣಿನಿಂದ ನೋಡಿದರೆ ಇದೊಂದು ವಿಚಿತ್ರ ಖಟ್ಲೆ. ಹೋಳಿಗೆ ಒಣಗಿತ್ತೋ ಇಲ್ಲವೋ? ಕಾಕಾ ಇಲ್ಲ ಎನ್ನುತ್ತಾರೆ. ಆದರೆ ಮನೆಯ ಯಜಮಾನ, ಊಟ ಕೊನೆಯ ಪಂಕ್ತಿಗೆ, ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಕಾಕುವೂ ತಿಂದಿರಲಿಲ್ಲ. ಮೊದಲ ಪಂಕ್ತಿಯಲ್ಲಿ ನಕ್ಕವರನ್ನು ಕೇಳಿದರೆ, ಕಾಕಾನ ಪಕ್ಷಗಾರರೆಲ್ಲ “ಹತ್ತಿಯಂಗ ಮೆತ್ತಗಿದ್ದೂರಿ” ಎನ್ನುವವರು, ಎದುರು ವಕೀಲರ ಪಕ್ಷಗಾರರೆಲ್ಲ “ಹಪ್ಪಳದಂಗ ಇದ್ದೂರಿ” ಎನ್ನುವವರು. ಮುಖ್ಯ ಪುರಾವೆಯನ್ನು ಸಾಕ್ಷಿಗಳೇ ತಿಂದು ತೇಗಿಬಿಟ್ಟ ಖಟ್ಲೆ ಇದು.

ಹೀಗಿರುವಾಗ ಒಂದು ಬೇಸಿಗೆ, ನಾನು ಪರೀಕ್ಷೆ ಮುಗಿಸಿ ಬಂದ ವಾರವೇ, ಬಸ್ಸಿನ ಡ್ರೈವರೊಬ್ಬ ಒಂದು ಕಟ್ಟಿಗೆಯ ಪೆಟ್ಟಿಗೆ ತಂದು ಕಟ್ಟೆಯ ಮೇಲಿಟ್ಟ. ಒಳಗೆ ಹೆಬ್ಬೆರಳು ಗಾತ್ರದ ಕಂದು ಸುರುಳಿಗಳು, ಪ್ರತಿಯೊಂದಕ್ಕೂ ನಡುವಿಗೆ ಕೆಂಪು-ಬಂಗಾರದ ಕಾಗದದ ಉಂಗುರ. ಕಾಕು ಬಗ್ಗಿ ನೋಡಿ, “ಇವೇನವಾ, ಬೆಂಡಿಕಾಯಿ ಒಣಗಿಸಿ ಉಡದಾರ ಕಟ್ಟ್ಯಾರಲ್ಲ?” ಎಂದಳು. ಚಡಚಣದ ಬಾಪುರಾಯರ ಅಳಿಯ ಮುಂಬಯಿಯಲ್ಲಿ ಹಡಗಿನ ನೌಕರಿಯಲ್ಲಿದ್ದ. ಅವನು ಪರದೇಶದಿಂದ ತಂದ ಸಿಗಾರುಗಳು. ಡ್ರೈವರ ಬಾಯಿಪಾಠ ಮಾಡಿದವನಂತೆ ಸಂದೇಶ ಒಪ್ಪಿಸಿದ: “ಕಾರಹುಣ್ಣಿಮಿಗೆ ಬರ್ತೇನಿ, ಕೂಡಿ ಸೇದೂಣು. ಅಲ್ಲೀತನಕ ಒಣಗಲಾರದಂಗ ಇಟ್ಟಿರು ಅಂತ ಹೇಳಂದಾರ್ರಿ.”

ಕಾರಹುಣ್ಣಿಮೆಗೆ, ಎಂದರೆ ಮಳೆಗಾಲದ ಮೊದಲ ಹಬ್ಬಕ್ಕೆ, ಇನ್ನೂ ಎರಡು ತಿಂಗಳಿತ್ತು. ಕಾಕಾ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಅಡ್ಡಪ್ರಶ್ನೆ ಶುರುಮಾಡಿದರು.

“ಒಣಗಲಾರದಂಗ ಅನ್ನುವಾಗ ನಕ್ಕನೋ, ಇಲ್ಲೋ?”

“ಗೊತ್ತಾಗಲಿಲ್ರಿ.”

“ಮಾರಿ ನೋಡಿದಿ ಇಲ್ಲೋ?”

“ನೋಡೇನ್ರಿ. ಬಾಯಿತುಂಬ ಎಲಿ ಹಾಕ್ಕೊಂಡಿದ್ರು. ನಗಾಕತ್ತಾರೋ ಅಗಿಯಾಕತ್ತಾರೋ ಹೆಂಗ ತಿಳೀಬೇಕ್ರಿ?”

ಕಾಕಾನ ತೀರ್ಮಾನ: ಇದು ಕಾಣಿಕೆಯಲ್ಲ, ಸವಾಲು. ಒಣಗಿದ ಸಿಗಾರನ್ನು ಅದೇ ಪಡಸಾಲೆಯಲ್ಲಿ ಮುರಿದು, ನೋಡು, ನಿನ್ನ ಮನೆಯಲ್ಲಿ ಏನಿಟ್ಟರೂ ಒಣಗುತ್ತದೆ ಎಂದು ಹೇಳಲು ಹೂಡಿದ ಹೂಟ. ಕಾಕಾ ಆ ಪಕ್ಷ ಹಿಡಿದದ್ದರಿಂದ ನಾನು ಸಹಜವಾಗಿಯೇ ಇದು ಕಾಣಿಕೆ ಎಂಬ ಪಕ್ಷ ಹಿಡಿದೆ. ಊಟ ಮುಗಿದು ತಾಟು ಒಣಗುವವರೆಗೂ ವಾದ ನಡೆಯಿತು. ಕೊನೆಗೆ ಕಾಕು, “ಕಾಣಿಕಿ ಇರ್ಲಿ, ಸವಾಲ ಇರ್ಲಿ. ಒಣಗಬಾರದು ಅಂದಾರಲ್ಲ? ಒಣಗಬಾರದು, ಅಷ್ಟ” ಎಂದು ತಾಟು ಎತ್ತಿಕೊಂಡು ಹೋದಳು. ಅವಳ ದನಿ ಕೇಳಿ ಇಬ್ಬರೂ ವಾದ ಬಿಟ್ಟು ಪೆಟ್ಟಿಗೆಗೆ ಜಾಗ ಹುಡುಕತೊಡಗಿದೆವು.

ನೀವು ತುಂಗಭದ್ರೆಯ ಆಚೆಯವರಾದರೆ ಇದರಲ್ಲಿ ಅಂಥ ಕಷ್ಟವೇನು ಎನ್ನುತ್ತೀರಿ. ನಮ್ಮ ಬೇಸಿಗೆಯನ್ನು ನೀವು ಕಂಡಿಲ್ಲ. ಇಲ್ಲಿ ಒಗೆದ ಧೋತರ ಹಿಂಡುತ್ತಿರುವಾಗಲೇ ಅದರ ಇನ್ನೊಂದು ತುದಿ ಒಣಗಿರುತ್ತದೆ. ಜಳಕ ಮಾಡಿ ಹೊರಗೆ ಬಂದವರು ಮೈ ಒರೆಸಿಕೊಳ್ಳುವುದು ಬರೀ ರೂಢಿಗೆ. ಬಾಗಿಲುಗಳು ಕುಗ್ಗಿ, ಯುಗಾದಿಯವರೆಗೆ ಬಿಗಿಯಾಗಿ ಕೂಡುತ್ತಿದ್ದ ಚಿಲಕ ಏಪ್ರಿಲ್ಲಿನಲ್ಲಿ ತನ್ನ ಕೊಂಡಿಯನ್ನು ದೂರದಿಂದ ನೋಡುತ್ತದೆ. ಕಾಕಾ ಒಂದು ವಾಕ್ಯ ಬರೆದು ಮುಂದಿನದನ್ನು ಯೋಚಿಸುವುದರೊಳಗೆ ಪೆನ್ನಿನ ಮಸಿ ಒಣಗುತ್ತದೆ. ನಮ್ಮ ಕಡೆಯ ಅರ್ಜಿಗಳು ಚಿಕ್ಕವಾಗಿರುವುದು ಇದರಿಂದಲೇ ಎಂದು ನನ್ನ ಸಿದ್ಧಾಂತ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಜಾಣತನದ್ದು. ನಮ್ಮ ಹಿರಿಯರು ಈ ಬಿಸಿಲಿನ ಜೊತೆ ಜಗಳಾಡಲಿಲ್ಲ, ಅದನ್ನು ಸಂಬಳವಿಲ್ಲದ ಆಳಾಗಿ ಇಟ್ಟುಕೊಂಡರು. ಖಡಕ್ ರೊಟ್ಟಿ ಒಣಗಿಸಿ ಅಟ್ಟ ಕಟ್ಟಿದರು. ಮೆಣಸಿನಕಾಯಿ, ಸಂಡಿಗೆ, ಹಪ್ಪಳ, ಶಾವಿಗೆ, ಸೌತೆಕಾಯಿ, ಕಡೆಗೆ ಮಾವಿನಕಾಯಿಯ ಹೋಳು, ಎಲ್ಲವೂ ಮಾಳಿಗೆ ಹತ್ತಿದವು. ಒಣಗಿದ್ದು ಉಳಿಯುತ್ತದೆ, ಹಸಿಯಿದ್ದದ್ದು ಕೆಡುತ್ತದೆ: ಇಷ್ಟೇ ನಮ್ಮ ಶಾಸ್ತ್ರ, ಇಷ್ಟರಲ್ಲೇ ನಾವು ಪಂಡಿತರು. ಅಂಥ ಜನರ ಕೈಗೆ ಒಂದು ಪೆಟ್ಟಿಗೆ ಕೊಟ್ಟು ಇದನ್ನು ತೇವವಾಗಿಡಿ ಎಂದರೆ, ಮೀನಿಗೆ ಮರದ ಮೇಲಿನ ಗೂಡು ಕಾಯಲು ಹೇಳಿದ ಹಾಗೆ.

ಕಾಕಾನ ಕಟ್ಟೆಯ ಮೇಲೆ ಕೂಡುವ ಪಕ್ಷಗಾರರು ಕೊಟ್ಟ ಸಲಹೆಗಳೇ ಇದಕ್ಕೆ ಸಾಕ್ಷಿ. ತಾರೀಖು ಕೇಳಲು ಬಂದವರಿಗೆ ಕಾಕಾ ಸಿಗಾರು ತೋರಿಸುತ್ತಿದ್ದರು. ಒಬ್ಬರು ಬೇವಿನ ಎಲೆ ಹಾಕಿ ಬೂದಿಯಲ್ಲಿ ಹೂಳಲು ಹೇಳಿದರು. ಇನ್ನೊಬ್ಬರು ಜೋಳ ಇಡುವ ನೆಲದೊಳಗಿನ ಹಗೇವಿನಲ್ಲಿ ಇಡಿ, ಹತ್ತು ವರ್ಷ ಹುಳ ಮುಟ್ಟುವುದಿಲ್ಲ ಎಂದರು. ಹುಳದ ಮಾತು ಯಾರೂ ಎತ್ತಿರಲಿಲ್ಲ. ಹೆಂಡತಿಯ ಕಡೆಯ ಹೊಲದ ವ್ಯಾಜ್ಯಕ್ಕೆಂದು ದೂರದ ಹೊರ್ತಿಯಿಂದ ಬರುತ್ತಿದ್ದ ಲಿಂಬೆ ತೋಟದ ರೈತರೊಬ್ಬರು ಮಾತ್ರ, “ಲಿಂಬಿಹಣ್ಣಿಗೆ ಹಸೀ ಗೋಣಿತಟ್ಟು ಹೊಚ್ಚತೇವ್ರಿ” ಎಂದು ಸ್ವಲ್ಪ ಹತ್ತಿರ ಬಂದು, “ಮುಂದ ಮಾರಿಬಿಡ್ತೇವ್ರಿ” ಎಂದು ಮತ್ತೆ ದೂರ ಹೋದರು.

ನಾನು ವಿಜಾಪುರದ ಬಸ್ಸು ಹತ್ತಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ದಪ್ಪನೆಯ ವಿಶ್ವಕೋಶ ತಿರುವಿದೆ. ಸಿಗಾರು ಒಣಗಿದರೆ ಮೇಲಿನ ಎಲೆ ಬಿರಿಯುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜು ಇಟ್ಟು ಹದ ಕಾಯಬೇಕು, ಒಣಗಿದ್ದನ್ನು ಒಮ್ಮೆಲೇ ತೋಯಿಸಬಾರದು. ಇಷ್ಟು ತಿಳಿಯಿತು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದಾಗ ಸದ್ದಾದರೆ ಒಣಗಿದೆ ಎಂದೂ ಇತ್ತು. ಬಂದು ಹೇಳಿದ್ದೇ ತಪ್ಪಾಯಿತು. ಕಾಕಾ ಮುಂಜಾನೆ ಎದ್ದು ವಿಭೂತಿ ಹಚ್ಚಿಕೊಂಡವರೇ ಸಿಗಾರುಗಳನ್ನು ಒಂದೊಂದಾಗಿ ಕಿವಿಗೆ ಹಿಡಿಯತೊಡಗಿದರು. ಕಟ್ಟೆಯ ಮೇಲಿನ ಪಕ್ಷಗಾರರು, ವಕೀಲರು ಯಾರದೋ ಗುಟ್ಟಿನ ಸಾಕ್ಷಿ ಕೇಳುತ್ತಿದ್ದಾರೆ ಎಂಬಂತೆ, ಉಸಿರು ಹಿಡಿದು ಕೂಡುತ್ತಿದ್ದರು.

ಮುದ್ದೇಬಿಹಾಳದ ಪೇಟೆಯಲ್ಲಿ ಸಿಗುವ ಸ್ಪಂಜು ಒಂದೇ, ಪಾಟಿ ಒರೆಸುವುದು. ಅದನ್ನು ತೋಯಿಸಿ ಇಟ್ಟರೆ ಮಧ್ಯಾಹ್ನದೊಳಗೆ ಬೆಂಡಾಗುತ್ತಿತ್ತು. ಆಮೇಲೆ ನಾನು ತರ್ಕಶಾಸ್ತ್ರದ ರೀತಿಯಲ್ಲಿ ಒಂದು ಅನುಮಾನ ಕಟ್ಟಿದೆ: ಸಿಗಾರು ಎಲೆ, ವೀಳ್ಯದೆಲೆಯೂ ಎಲೆ, ವೀಳ್ಯದೆಲೆ ಒದ್ದೆ ಅರಿವೆಯಲ್ಲಿ ಉಳಿಯುತ್ತದೆ, ಆದ್ದರಿಂದ ಸಿಗಾರೂ ಉಳಿಯಬೇಕು. ಕಾಕುವಿನ ಎಲೆಯ ಡಬ್ಬಿಯಲ್ಲೇ ಜಾಗ ಮಾಡಿದೆ. ಸಿಗಾರು ಉಳಿಯಿತೋ ಇಲ್ಲವೋ, ಎಲೆ ಹಾಕಿಕೊಂಡ ಕಾಕು ತಲೆ ತಿರುಗಿ ಗೋಡೆ ಹಿಡಿದು ಕೂತಳು. “ನಿನ್ನ ಅನುಮಾನ ನಿನ್ನ ಹತ್ರ ಇಟ್ಕೋ” ಎಂದು ಡಬ್ಬಿಯಿಂದ ಹೊರಹಾಕಿದಳು.

ಆಗ ಕಾಕಾ ತಮ್ಮ ವಿಧಾನ ಕಂಡುಹಿಡಿದರು. ಏಪ್ರಿಲ್ ತಿಂಗಳಲ್ಲಿ ಕೋರ್ಟಿನೊಳಗೆ ಕರಿ ಕೋಟು ತೊಟ್ಟು ನಿಂತ ವಕೀಲನ ಎದೆಗಿಂತ ತೇವದ ಜಾಗ ಈ ತಾಲೂಕಿನಲ್ಲಿ ಇನ್ನೊಂದಿಲ್ಲ ಎಂಬುದು ಅವರ ವಾದ. ಅದನ್ನು ಖಂಡಿಸಲು ನನಗೂ ಆಗಲಿಲ್ಲ. ಸಿಗಾರುಗಳು ಕೋಟಿನ ಒಳಜೇಬು ಸೇರಿದವು. ಬೆವರು ಸಾಲದೆಂದು ಕಾಕಾ ವಾದ ಉದ್ದ ಮಾಡಿದರು. ಒಪ್ಪಿಕೊಂಡು ಮುಗಿಸಬಹುದಾದ ಅಂಶಗಳನ್ನೂ ಒಪ್ಪಲಿಲ್ಲ. ಎದುರು ಪಕ್ಷದವರು ರಾಜಿಗೆ ಬಂದರೆ, “ಈಗ ಬ್ಯಾಡ, ಇನ್ನೂ ಬೆವತಿಲ್ಲ” ಎಂದುಬಿಟ್ಟರಂತೆ.

ಕೋರ್ಟಿಗೆ ಬೇಸಿಗೆ ರಜೆ ಬಿತ್ತು. ವಾದ ನಿಂತಿತು, ಬೆವರು ನಿಂತಿತು. ಕಾಕಾ ಸೋಲಲಿಲ್ಲ. ಮನೆಯಲ್ಲೇ ಕೋಟು ತೊಟ್ಟು ಪಡಸಾಲೆಯ ನಡುವೆ ನಿಂತು, “ಏ ಹುಡುಗಿ, ಏನರ ವಾದ ಹೂಡು. ಬೆವರು ಬರ್ಲಿ” ಎಂದು ಕರೆಯುತ್ತಿದ್ದರು. ಸ್ಪರ್ಧೆಯಿಲ್ಲದ ರಜೆಯಲ್ಲಿ ಇದಕ್ಕಿಂತ ಭಾಗ್ಯ ನನಗೆ ಏನು ಬೇಕಿತ್ತು? ಒಂದು ದಿನ ನಾನು, ಹೆಣ್ಣುಮಕ್ಕಳು ವಕೀಲಿ ಮಾಡಬೇಕು ಎಂಬ ಪಕ್ಷ ಹಿಡಿದೆ. ಕಾಕಾ ಬೆವರಿನಲ್ಲಿ ಮುಳುಗಿ ತೇಲಿ, ಕೊನೆಗೆ ಕುರ್ಚಿಯಲ್ಲಿ ಕುಸಿದು, “ಆತು, ಒಪ್ಪಿದೆ” ಎಂದರು. ಸಿಗಾರಿನ ಸಲುವಾಗಿ ಒಪ್ಪಿದ್ದೋ, ಖರೇ ಒಪ್ಪಿದ್ದೋ, ಆಮೇಲೆ ಅವರಿಗೂ ಹಿಂದೆ ತೆಗೆದುಕೊಳ್ಳಲಾಗಲಿಲ್ಲ. ನಾನು ಇವತ್ತು ಸಿಂದಗಿ ಕೋರ್ಟಿನಲ್ಲಿ ಅದೇ ಬಣ್ಣದ ಕೋಟಿನೊಳಗೆ ಬೆವರುತ್ತಿರುವುದು ಆ ಮಧ್ಯಾಹ್ನದ ಫಲ.

ಆದರೆ ವಿಶ್ವಕೋಶ ಸುಳ್ಳು ಹೇಳಿರಲಿಲ್ಲ. ಬೆವರು ಕುಡಿದ ಸಿಗಾರುಗಳ ಮೈಮೇಲೆ ಒಂದು ದಿನ ಬೆಳ್ಳಗೆ ಬೂಷ್ಟು ಕಂಡಿತು. ಅವತ್ತೇ ಕಾಕಾ ನನ್ನನ್ನು ಕರೆದುಕೊಂಡು ಬಸವನ ಬಾಗೇವಾಡಿಗೆ ಒಂದು ಮದುವೆಗೆ ಹೊರಟಿದ್ದರು. ಬಂದಮೇಲೆ ನೋಡೋಣ ಎಂದು ಅವನ್ನು ಪೆಟ್ಟಿಗೆಗೆ ಹಾಕಿ ಅಲ್ಲೇ ಬಿಟ್ಟೆವು.

ಮದುವೆ ಮುಗಿಸಿ ನಾಲ್ಕು ದಿನದ ಮೇಲೆ ಮರಳಿ ಬಂದಾಗ ಕಾಕು ಬಾಗಿಲಲ್ಲೇ ನಿಂತಿದ್ದಳು, ಮುಖದ ತುಂಬ ಕಳೆ. “ಬೂಷ್ಟು ಹಿಡದಿತ್ತಲ್ಲರೀ, ಒಂದೂ ಕೆಡಗೊಡಲಿಲ್ಲ ನೋಡ್ರಿ. ಸಂಡಿಗಿ ಜೋಡಿ ಮಾಳಿಗಿ ಮ್ಯಾಲ ಹಾಕಿದ್ದೆ, ದಿನಾ ಹೊಳ್ಳಿಸಿ ಹಾಕೇನಿ. ಹೆಂಗ ಖಡಕ್ ಆಗ್ಯಾವ!” ಎಂದು ಜೋಳ ಕೇರುವ ಮರ ಮುಂದೆ ಹಿಡಿದಳು. ಮರದಲ್ಲಿ ಒಂದು ಕಡೆ ಸಂಡಿಗೆ, ಒಂದು ಕಡೆ ಸಿಗಾರು. ಎರಡೂ ಅತ್ಯುತ್ತಮವಾಗಿ ಒಣಗಿದ್ದವು.

ಕಾಕಾ ಒಂದನ್ನು ಎತ್ತಿ ಕಿವಿಗೆ ಹಿಡಿದರು. ಜೋಳದ ದಂಟು ಮುರಿದಂಥ ಸದ್ದು ನನಗೂ ಕೇಳಿಸಿತು. ಅವರು ಅದನ್ನು ಮತ್ತೆ ಮರದಲ್ಲಿಟ್ಟು ಒಳಗೆ ಹೋದರು. ಕಾಕುವಿನ ಮುಖದ ಕಳೆ ಇಳಿಯುವುದನ್ನು ನಾನು ನೋಡುತ್ತ ನಿಂತೆ. “ಅಯ್ಯ ಶಿವನ” ಎಂದಳು. “ಎಲ್ಲಾರೂ ಒಣಗಬಾರದು ಅಂತ ಬಡಕೊಳ್ಳಾಕತ್ತಿದ್ರಿ. ಬೂಷ್ಟು ಕಂಡ ಕೂಡ್ಲೆ ನನ್ನ ಕೈ ತಾನ ಮಾಳಿಗಿ ಹತ್ತಿಬಿಡ್ತಲ್ಲ.” ಆಮೇಲೆ ಸಣ್ಣ ದನಿಯಲ್ಲಿ, “ಅವಾಗೂ ಹಿಂಗ ಆಗಿತ್ತೇನ ಮತ್ತ? ಹೋಳಿಗಿ ನಾ ಖರೇನ ಒಣಗಿಸಿದ್ನೇನ?” ಎಂದಳು. ಅಷ್ಟು ವರ್ಷ ಅವಳು ಬಾಪುರಾಯರ ಮೇಲೆ ಸಿಟ್ಟಾಗಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದೆವು. ಅವಳಿಗೆ ತನ್ನ ಕೈಯ ಮೇಲೆಯೇ ಅನುಮಾನ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಮುಂದಿನ ದಿನಗಳಲ್ಲಿ ಸಿಗಾರುಗಳು ಕುಡಿಯುವ ನೀರಿನ ಹರವಿಯ ಬುಡದಲ್ಲಿ, ಒದ್ದೆ ಉಸುಕಿನ ಮೇಲೆ ಮಲಗಿದವು. ಪುಸ್ತಕ ಹೇಳಿದ ಹಾಗೆ ನಿಧಾನವಾಗಿ ತೇವ ಕುಡಿಯಲಿ ಎಂದು ನನ್ನ ಲೆಕ್ಕ. ಅವು ನಿಧಾನವಾಗಿಯೇ ಕುಡಿದವು. ಹೊರಗಿನ ಗಾಳಿ ಅವಸರದಲ್ಲಿ ಕುಡಿಯಿತು. ಕಾರಹುಣ್ಣಿಮೆಯ ದಿನ ಮುಂಜಾನೆಯೂ ಕಾಕಾ ಕಿವಿಗೆ ಹಿಡಿದರೆ ಸದ್ದು ಇದ್ದೇ ಇತ್ತು. ಕಾಕಾ ಬಸ್ ಸ್ಟ್ಯಾಂಡಿಗೆ ಹೋದರು, ಖಟ್ಲೆ ಸೋತೇನೆಂದು ತಿಳಿದೂ ಹಾಜರಾಗುವ ವಕೀಲನ ನಡಿಗೆಯಲ್ಲಿ.

ಅಡುಗೆಮನೆಯಲ್ಲಿ ಹಬ್ಬದ ಕಡಬು ಬೇಯುತ್ತಿದ್ದವು. ಕಾಕು ಒಂದು ಕ್ಷಣ ಒಲೆಯನ್ನೂ ಹರವಿಯನ್ನೂ ನೋಡಿದಳು. ಕಡಬುಗಳನ್ನು ಇಳಿಸಿದಳು. ಸಿಗಾರುಗಳನ್ನು ತಂದು ಅದೇ ಅರಿವೆಯ ಮೇಲೆ ಸಾಲಾಗಿ ಮಲಗಿಸಿ ಮುಚ್ಚಿದಳು.

“ಕಾಕು, ಒಮ್ಮಿಗೇ ತೋಯಿಸಬಾರದಂತ! ಪುಸ್ತಕದಾಗ ಐತಿ!” ಎಂದು ಕೂಗಿದೆ.

“ಪುಸ್ತಕಾ ಬರದಾವಾ ಮುದ್ದೇಬಿಹಾಳಕ್ಕ ಬಂದಿದ್ನೇನ? ಸರಿ ಆಕಡೆ, ಉರಿ ಹಾಕಬೇಕು” ಎಂದು ಕೈಗೆ ಸಿಕ್ಕ ಹಸಿ ಸಗಣಿಯ ಕುಳ್ಳನ್ನೇ ಒಲೆಗೆ ತುರುಕಿದಳು.

ಗೆಳೆಯರಿಬ್ಬರೂ ಬಂದರು. ದಾರಿಯುದ್ದಕ್ಕೂ ಮಾತಾಡಿರಲಿಲ್ಲ ಎಂಬುದು ಅವರು ಚಪ್ಪಲಿ ಬಿಟ್ಟ ರೀತಿಯಲ್ಲೇ ತಿಳಿಯುತ್ತಿತ್ತು. ಬಾಪುರಾಯರಿಗೆ ವಯಸ್ಸಾಗಿತ್ತು, ಕಾಕಾ ಅದನ್ನು ಕದ್ದು ನೋಡುತ್ತಿದ್ದರು, ಅವರು ಕಾಕಾನ ತಲೆಯ ಬೋಳನ್ನು ಕದ್ದು ನೋಡುತ್ತಿದ್ದರು. ನಾನು ಪೆಟ್ಟಿಗೆ ತಂದು ನಡುವೆ ಇಟ್ಟೆ. ಮುಚ್ಚಳ ತೆಗೆದಾಗ ಉಗಿ ಎದ್ದಿತು. ಸಿಗಾರುಗಳು ಉಬ್ಬಿ, ಮೈ ಸೀಳಿ, ಎಣ್ಣೆಗಾಯಿಗೆ ಹೆಚ್ಚಿದ ಬದನೆಕಾಯಿಯ ಹಾಗೆ ಬಾಯಿ ಬಿಟ್ಟಿದ್ದವು. ಏಲಕ್ಕಿಯ ವಾಸನೆ ಬರುತ್ತಿತ್ತು.

ಇಬ್ಬರೂ ಒಂದೊಂದು ಎತ್ತಿಕೊಂಡರು. ಕಾಕಾ ಜನ್ಮದಲ್ಲಿ ಬೀಡಿ ಕೂಡ ಮುಟ್ಟಿದವರಲ್ಲ. ಬಾಪುರಾಯರು ಹೇಗೆ ಹಿಡಿಯುತ್ತಾರೋ ಹಾಗೆ ಹಿಡಿಯೋಣ ಎಂದು ಅವರ ಕೈ ನೋಡುತ್ತಿದ್ದರು. ಬಾಪುರಾಯರು ಕಾಕಾನ ಕೈ ನೋಡುತ್ತಿದ್ದರು. “ಯಾವ ತುದಿಗೆ ಕಡ್ಡಿ ಕೊರೀಬೇಕೋ ಬಾಪು?” ಎಂದು ಕಾಕಾ ಕೊನೆಗೆ ಕೇಳಿದರು. ವರ್ಷಗಳ ಮೇಲೆ ಆಡಿದ ಮೊದಲ ಮಾತು.

“ಅರೇ, ನನಗೇನ ಗೊತ್ತೋ? ನಾ ಎಂದ ಸೇದೇನಿ?” ಎಂದರು ಬಾಪುರಾಯರು.

ಎರಡೂ ತುದಿಗೆ ಕಡ್ಡಿ ಕೊರೆದರು. ಒಗ್ಗರಣೆಗೆ ನೀರು ಬಿದ್ದ ಹಾಗೆ ಚುಂಯ್ ಎಂದು ಕಡ್ಡಿ ಆರಿತು. ಮತ್ತೊಂದು, ಮತ್ತೊಂದು. ಕಡ್ಡಿಪೆಟ್ಟಿಗೆಯೇ ಖಾಲಿಯಾಯಿತು. ಬಾಪುರಾಯರು ಸಿಗಾರನ್ನು ಬಾಯಿಂದ ತೆಗೆದು ಎರಡು ಬೆರಳಿನಿಂದ ಒತ್ತಿದರು. ಕಂದು ನೀರು ಅವರ ಬೆಳ್ಳನೆಯ ಧೋತರದ ಮೇಲೆ ತೊಟಕ್ಕನೆ ಬಿತ್ತು. ಅದನ್ನೇ ನೋಡುತ್ತ, ಗಂಭೀರವಾಗಿ ಹೇಳಿದರು: “ಚನ್ನಪ್ಪಾ, ಒಣಗಿಲ್ಲೋ.”

ಕಾಕಾ ನೆಟ್ಟಗೆ ಕೂತರು. “ಏನಂದಿ?”

“ಒಣಗಿಲ್ಲ ಅಂದೆ.”

“ಇನ್ನೊಮ್ಮೆ ಅನ್ನು. ಗಟ್ಟಿಯಾಗಿ ಅನ್ನು. ಏ, ಇಲ್ಲಿ ಬಾರೇ! ಬಾಪು ಏನಂತಾನ ಕೇಳು!” ಎಂದು ಅಡುಗೆಮನೆಯ ಕಡೆ ಕೂಗಿದರು. ಕಾಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಬಾಪುರಾಯರು ಅವಳ ಕಡೆ ತಿರುಗಿ, ಪಂಕ್ತಿಗೆಲ್ಲ ಕೇಳುವಂಥ ಅದೇ ದನಿಯಲ್ಲಿ, “ವೈನೀ, ನಿಮ್ಮ ಮನ್ಯಾಗ ಒಣಗಿಲ್ರಿ!” ಎಂದರು. ಆಮೇಲೆ ಇಬ್ಬರೂ ನಗತೊಡಗಿದರು. ಸಿಗಾರು ಬಾಯಲ್ಲಿ ಇಟ್ಟುಕೊಂಡೇ ನಕ್ಕರು. ಕಾಕು ಮಾತ್ರ ನಗದೆ, “ಹಸೀ ಕುಳ್ಳು, ಭಾಳ ಹೊಗಿ” ಎಂದು ಮತ್ತೆ ಕಣ್ಣು ಒರೆಸಿಕೊಂಡಳು.

ಅದೇ ಗಳಿಗೆಗೆ ಬಾಜೂಮನೆಯ ಶಾಂತವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಅವಳು ಕಂಡದ್ದು: ಎದುರುಬದುರು ಇಬ್ಬರು ಗಂಡಸರು, ಬಾಯಲ್ಲಿ ಒಂದೊಂದು ಸಿಗಾರು, ಪಡಸಾಲೆಯ ತುಂಬ ಹೊಗೆ, ನಗು. ಅವಳು ಕಂಡದ್ದರಲ್ಲಿ ಒಂದೂ ಸುಳ್ಳಲ್ಲ. ಹೊಗೆ ಇತ್ತು, ಸಿಗಾರು ಇತ್ತು. ಸಿಗಾರಿಗೂ ಹೊಗೆಗೂ ಸಂಬಂಧವಿರಲಿಲ್ಲ, ಅಷ್ಟೇ. ಆ ಹೊಗೆ ಹಸೀ ಕುಳ್ಳಿನದು. ಅಲ್ಲಿಂದ ಅದು ಬಸ್ಸು ಹತ್ತಿ ಇಂಡಿಯವರೆಗೆ ಹೋಗಿ ಒಂದು ಎತ್ತನ್ನು ಬೆದರಿಸಿತು.

ಊಟಕ್ಕೆ ಕೂತಾಗ ಬಾಪುರಾಯರು ತಾಟು ನೋಡಿ, “ಕಡಬು? ಹೋಳಿಗಿ ಇಲ್ಲೇನ್ರಿ ವೈನಿ?” ಎಂದರು. ಕಾಕು ತುಪ್ಪ ಹಾಕುತ್ತ, “ನೀವು ಎದ್ದು ಹೋದ ದಿನದಿಂದ ಮಾಡಿಲ್ರಿ” ಎಂದಳು. ಬಾಪುರಾಯರ ಕೈ ತಾಟಿನಲ್ಲೇ ನಿಂತಿತು. “ನಾಳಿ ಮಾಡ್ರಿ. ನಾ ಉಳೀತೇನಿ” ಎಂದರು.

ಮರುದಿನ ಕಾಕು ಹೋಳಿಗೆ ಮಾಡಿದಳು. ಬಡಿಸಿ, ಹಾಲಿನ ತಂಬಿಗೆ ಹಿಡಿದು ನಿಂತಳು. “ಹಾಲು ಬ್ಯಾಡ್ರಿ, ಹಂಗ ಇರ್ಲಿ” ಎಂದು ಬಾಪುರಾಯರು ಒಂದು ಮುಗಿಸಿ, “ಇನ್ನೊಂದು ಹಾಕ್ರಿ” ಎಂದರು. ಮತ್ತೂ ಹಾಕಿಸಿಕೊಂಡರು. ಹೇಗಿವೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಕಾನ ದೃಷ್ಟಿಯಲ್ಲಿ ಖಟ್ಲೆ ಮುಗಿದಿತ್ತು. ಹಿಂದಿನ ದಿನದ ಒಂದು ಮಾತಿನಿಂದ ಎಲ್ಲ ಫೈಸಲಾಗಿತ್ತು. ಆದರೆ ಸಿಗಾರು ಒಣಗಿಲ್ಲ ಎಂಬುದರಿಂದ ಹೋಳಿಗೆ ಒಣಗಿರಲಿಲ್ಲ ಎಂದು ಹೇಗೆ ಸಿದ್ಧವಾಗುತ್ತದೆ? ಇವತ್ತಿನ ಹೋಳಿಗೆ ಚೆನ್ನಾಗಿದ್ದರೆ ಅವತ್ತಿನದೂ ಚೆನ್ನಾಗಿತ್ತೆಂದು ಹೇಗಾಗುತ್ತದೆ? ಇಂಥ ತೀರ್ಪು ಯಾವ ಚರ್ಚಾಸ್ಪರ್ಧೆಯಲ್ಲೂ ನಿಲ್ಲುವುದಿಲ್ಲ. ಹೊರಗೆ ಬಂದರೆ ಕಾಕು ಹಂಚು ತೊಳೆಯುತ್ತ, ತನ್ನ ಕೈಗಳನ್ನು ಹೊರಳಿಸಿ ಹೊರಳಿಸಿ ನೋಡಿಕೊಳ್ಳುತ್ತಿದ್ದಳು.

ಬಾಪುರಾಯರನ್ನು ಬಸ್ಸಿಗೆ ಕಳಿಸಲು ಕಾಕಾನ ಜೊತೆ ನಾನೂ ಹೋದೆ. ಅವರು ಕಿಟಕಿಯ ಹತ್ತಿರ ಕೂತು, ಚಂಚಿ ಬಿಚ್ಚಿ, ಎಲೆ ಮಡಿಚಿ ಬಾಯಿತುಂಬ ಹಾಕಿಕೊಂಡರು. ಕಾಕಾ ಕಂಡಕ್ಟರನಿಗೆ, ಇವರು ಬಸ್ಸು ಬದಲಿಸಬೇಕು, ಬಾಗೇವಾಡಿಯಲ್ಲಿ ಸರಿಯಾಗಿ ಇಳಿಸು ಎಂದು ತಾಕೀತು ಮಾಡಲು ಆಕಡೆ ಹೋದರು. ಬಸ್ಸು ಗುರುಗುಟ್ಟಿತು. ನಾನು ಕಿಟಕಿಯ ಸರಳು ಹಿಡಿದು, ಮೇಲಕ್ಕೆ ಮುಖ ಮಾಡಿ ಕೇಳಿದೆ:

“ಬಾಪು ಕಾಕಾ, ಈಗ ಯಾರೂ ಇಲ್ಲ, ಖರೇ ಹೇಳ್ರಿ. ಅವತ್ತಿನ ಹೋಳಿಗಿ ಒಣಗಿದ್ವೇನ್ರೀ?”

ಎಲೆ ತುಂಬಿದ ಅವರ ಬಾಯಿ ಅಲ್ಲಾಡಿತು; ನಕ್ಕರೋ ಅಗಿದರೋ ತಿಳಿಯುವುದರೊಳಗೆ ಬಸ್ಸು ಹೊರಟುಬಿಟ್ಟಿತು.